ಇಡೀ ಮಾತ್ರೆ ನುಂಗಿ ಪೂಜೆಗೆ ಕೂತದ್ದು

...ಅಥವಾ ಅದು ಶುಕ್ರವಾರವೇ ಆಗಿರಲಿಲ್ಲವೇನೋ. ಆದರೆ ಮಸ್ಕತ್ತಿನಲ್ಲಿ ನನಗೆ ರಜೆ ಸಿಗುತ್ತಿದ್ದುದು ಶುಕ್ರವಾರ. ನಮ್ಮ ಅಲ್ ಹೈಲ್ ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆದದ್ದಂತೂ ನಿಜ. ಶುಕ್ರವಾರವೆಂದೇ ಇಟ್ಟುಕೊಳ್ಳೋಣ. ತೊಂಬತ್ತರ ದಶಕ.

ನನ್ನ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿತ್ತು. ಆಗಾಗ ಎದ್ದು ಬಚ್ಚಲಿಗೆ ಓಡಬೇಕು. ಡಾಕ್ಟರು ಹೊಸ ಮಾತ್ರೆ ಕೊಟ್ಟು, "ಸದ್ಯಕ್ಕೆ ಅರ್ಧ, ಅದೂ ಮಲಗುವಾಗ ಮಾತ್ರ" ಎಂದಿದ್ದರು. ಬಿ.ಪಿ. ಇದೆಯೇ ಎಂದೂ ಕೇಳಿದ್ದರು. ಇಲ್ಲ ಎಂದಿದ್ದೆ. ಅದಕ್ಕೆ ದಿನಾ ಮಾತ್ರೆ ನುಂಗುತ್ತಿದ್ದೆನಾದ್ದರಿಂದ ನಿಜಕ್ಕೂ ಇರಲಿಲ್ಲ.

ಪೂಜೆಗೆ ಕೂತ ಯಜಮಾನ ಕಥೆ ಮುಗಿಯುವವರೆಗೆ ಏಳುವಂತಿಲ್ಲ. ಇಡೀ ಕಟ್ಟಡದ ಕನ್ನಡಿಗರ ಮುಂದೆ ನಡುವೆ ಎದ್ದರೆ ನನ್ನ ಗುಟ್ಟು ರಟ್ಟು. ಮಲಗಿದವನಿಗೆ ಈ ಮಾತ್ರೆಯಿಂದೇನು ಲಾಭವೆಂದು ತರ್ಕಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇಡೀ ಮಾತ್ರೆ ನುಂಗಿದೆ. ಜೊತೆಗೆ ಬಿ.ಪಿ.ಯದ್ದೂ.

ಕೂತೆ. ಕಥೆ ಮುಗಿಯಿತು. ನಡುವೆ ಒಮ್ಮೆಯೂ ಏಳಲಿಲ್ಲ!

ವಾರವೆಲ್ಲ ಖುರುಮ್ ಬಡಾವಣೆಯ ಕಂಪನಿಯೊಂದರಲ್ಲಿ ಲೆಕ್ಕ ಬರೆದು ರಜೆಯಲ್ಲಿ ಪುರೋಹಿತರಾಗುತ್ತಿದ್ದ ಭಟ್ಟರು, "ಯಲ್ಲಾ, ಬೇಗ ನಮಸ್ಕಾರ ಮಾಡಿ" ಎಂದರು. ಉದ್ದಕ್ಕೆ ಅಡ್ಡಬಿದ್ದು, ಗೆದ್ದವನ ಠೀವಿಯಲ್ಲಿ ಥಟ್ಟನೆ ಎದ್ದೆ. ಗೋಡೆಗಳು ದೂರ ಸರಿದವು. ದೀಪವೊಂದೇ ಉಳಿಯಿತು, ಅಷ್ಟು ದೊಡ್ಡ ದೀಪವನ್ನು ನಾನು ಕಂಡಿರಲಿಲ್ಲ. ನಡುಗಿ, ತೂಗಾಡಿ, ಬಿದ್ದೆನಂತೆ.

"ಮೈಮೇಲೆ ದೈವ ಬಂತು ಮಾರಾಯ್ರೆ, ಯಾರೂ ಮುಟ್ಬೇಡಿ" ಎಂದರಂತೆ ಉಡುಪಿ ಕಡೆಯ ನೆರೆಮನೆ ವಸಂತಿ. ಕೈಮುಗಿದು ಕೇಳಿಯೂ ಬಿಟ್ಟರಂತೆ: "ನಮ್ಮವರಿಗೆ ಬೇರೆ ಕೆಲಸ ಸಿಕ್ಕಿದೆ ಸ್ವಾಮಿ, ವೀಸಾ ಕೊಟ್ಟ ಕಫೀಲ್ ಬಿಟ್ಟುಕೊಡ್ತಾನಾ?"

ಅಷ್ಟರಲ್ಲಿ ನನ್ನ ಹೆಂಡತಿ ಮಾತ್ರೆಯ ಪಟ್ಟಿ ಹಿಡಿದು ಬಂದಳು. "ದೈವವೂ ಇಲ್ಲ, ಮಣ್ಣೂ ಇಲ್ಲ. ಪ್ರಾಸ್ಟೇಟ್ ಮಾತ್ರೆ ಇಡೀದು ನುಂಗಿದ್ದಾರೆ ಈ ಮನುಷ್ಯ. ಕಾಲು ಮೇಲೆತ್ತಿ ಹಿಡೀರಿ."

ನಾನು ಕಣ್ಣು ಬಿಟ್ಟಾಗ ಗುಟ್ಟು ಎಲ್ಲರ ಬಾಯಲ್ಲಿತ್ತು, ಕಾಲು ಭಟ್ಟರ ಕೈಯಲ್ಲಿತ್ತು.

"ರಕ್ತನಾಳಾನೂ ಸಡಿಲ ಮಾಡೋ ಮಾತ್ರೆ ಕಣ್ರೀ ಅದು" ಎಂದರು ಮರುದಿನ ಡಾಕ್ಟರು. "ಬಿ.ಪಿ. ಮಾತ್ರೆ ಜೊತೆ ಸೇರಿದ್ರೆ ಕೇಳ್ಬೇಕಾ? ಮಲಗಿದ್ದೋರು ಬೀಳೋದಕ್ಕೆ ಜಾಗ ಇರಲ್ಲ, ಅದಕ್ಕೇ ಮಲಗುವಾಗ ಅಂದದ್ದು."

ಅಕ್ಕಿಕಾಳಿನಷ್ಟು ಮಾತ್ರೆ ನನ್ನಂಥ ದಡೂತಿಯನ್ನು ಉರುಳಿಸಿದ ಬಗೆಗೆ ನನಗಿನ್ನೂ ಬೆರಗಿದೆ. ವಸಂತಿಯ ಬೆರಗು ಬೇರೆ. ಅವರ ಪ್ರಶ್ನೆಗೆ ನಾನು ಉತ್ತರ ಕೊಟ್ಟೆನಂತೆ. ಅದೂ ಅಚ್ಚ ತುಳುವಿನಲ್ಲಿ. ನಾನು ಮೈಸೂರಿನವನು, ತುಳು ಬಾರದು. ಭಟ್ಟರೂ ಕೇಳಿಸಿಕೊಂಡರಂತೆ, ಹೆಂಡತಿ ಸುಳ್ಳೆನ್ನುತ್ತಾಳೆ.

ಏನು ಹೇಳಿದೆನೋ, ಹೇಳಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ.