ಕರೆಂಟ್ ಮೋಟಾರಿಗೆ ಸಾಖರಪುಡಾ

ನಮ್ಮ ಕಾಕಾ ಒಂದೇ ಒಂದು ಮೋಟಾರನ್ನು ಏಳು ಮಂದಿಗೆ ನಿಶ್ಚಯ ಮಾಡಿಕೊಟ್ಟ ಮಹಾನುಭಾವ! ಹಾಗೆಂದ ಕೂಡಲೇ ಟೋಪಿ ಹಾಕುವ ಆಸಾಮಿ ಎಂದುಕೊಳ್ಳಬೇಡಿ. ಟೋಪಿ ಹಾಕುವುದಕ್ಕೂ ಒಂದಿಷ್ಟು ಜಾಣತನ ಬೇಕು. ಕಾಕಾನ ಬಳಿ ಇದ್ದದ್ದು ಬರೀ ಉತ್ಸಾಹ, ಅದೂ ಇಡೀ ಪೇಠೆಗೆ ಹಂಚಿ ಮಿಗುವಷ್ಟು.

ಅದು ಯುದ್ಧದ ಕಾಲ. ಪುಣೆಯಲ್ಲಿ ಪೆಟ್ರೋಲಿಗೆ ಕೂಪನ್ನು, ಸಕ್ಕರೆಗೆ ರೇಷನ್ನು. ಧಾರವಾಡದಿಂದ ಬಂದು ಸದಾಶಿವ ಪೇಠೆಯಲ್ಲಿ ಹತ್ತಾರು ಬಿಡಾರಗಳಿದ್ದ ವಾಡೆಯೊಂದರಲ್ಲಿ ಎರಡು ಕೋಣೆ ಹಿಡಿದಿದ್ದ ಕಾಕಾನಿಗೆ ಮನೆಮನೆಗೆ ಹೋಗಿ ಕರೆಂಟಿನ ಮೀಟರು ನೋಡಿ ಬರೆದುಕೊಳ್ಳುವ ಕೆಲಸ. ನಾನು ಅವನ ಅಣ್ಣನ ಮಗಳು, ಅವನ ಮನೆಯಲ್ಲೇ ಬೆಳೆದವಳು. ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಎರಡೂ ಕಾಲಿನ ಬಲ ಕುಂದಿತ್ತು. ಕೋಲೂರಿಕೊಂಡು ಅಂಗಳ ದಾಟುವುದಷ್ಟೇ ನನ್ನಿಂದ ಆಗುತ್ತಿತ್ತು. ಟಾಂಗಾದವನು ಬಾಡಿಗೆ ಏರಿಸಿದ ಮೇಲೆ ನನ್ನ ಶಾಲೆ ನಿಂತುಹೋಯಿತು. ಮ್ಯಾಟ್ರಿಕ್ಕಿಗೆ ಇನ್ನೊಂದೇ ವರ್ಷ ಬಾಕಿ! ಮನೆಯಲ್ಲಿ ಕೂತು ಹಪ್ಪಳ ಲಟ್ಟಿಸುತ್ತ ಅಳುತ್ತಿದ್ದೆ. ಆ ವರ್ಷ ಹಪ್ಪಳಕ್ಕೆ ಬೇರೆ ಉಪ್ಪು ಬೇಕಾಗಲಿಲ್ಲ ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಆಮೇಲೆ ಎಷ್ಟೋ ವರ್ಷ ನಗುತ್ತಿದ್ದಳು.

ಅಂಥ ಹೊತ್ತಿನಲ್ಲಿ ಒಂದು ದಿನ ಕಾಕಾ ಎಂಜಿನ್ ಸತ್ತ ಪುಟ್ಟ ಮೋಟಾರು ಕಾರೊಂದನ್ನು ಎತ್ತಿನಿಂದ ಎಳೆಸಿಕೊಂಡು ವಾಡೆಯೊಳಗೆ ಬಂದ.

"ಇದನ್ನ ಏನ್ ಮಾಡ್ತೀರಿ? ಕೋಳಿಗೂಡೇನು?" ಎಂದಳು ಕಾಕು.

"ಪೆಟ್ರೋಲ್ ಬ್ಯಾಡ, ಎತ್ತು ಬ್ಯಾಡ. ಕರೆಂಟಿನ ಮ್ಯಾಲೆ ಓಡಸ್ತೀನಿ. ಪುಣೆದಾಗ ಮನಿಮನಿಗೂ ಒಂದೊಂದು ಮಾರತೀನಿ!"

ಮಾರುಕಟ್ಟೆಯ ವಿಚಾರದಲ್ಲಿ ಕಾಕಾನ ಲೆಕ್ಕಾಚಾರ ಬಲು ಸರಳ. ಎಲ್ಲಿ ಮೀಟರು ಇದೆಯೋ ಅಲ್ಲಿ ಗಿರಾಕಿ ಇದ್ದಾನೆ! ಮೀಟರು ನೋಡಲು ಹೋದವನು ಅಂಕಿ ಬರೆದುಕೊಂಡು ಸುಮ್ಮನೆ ಬರಬೇಕೋ ಬೇಡವೋ? ಮನೆಯವರನ್ನು ಕೂರಿಸಿಕೊಂಡು, ಕೂಪನ್ ಎಷ್ಟು ಸಿಗುತ್ತದೆ, ಎಷ್ಟು ದಿನಕ್ಕೆ ತೀರುತ್ತದೆ ಎಂದೆಲ್ಲ ವಿಚಾರಿಸಿ, ಕೊನೆಗೆ ಮುಂಗಡದ ಮಾತು ತೆಗೆಯುತ್ತಿದ್ದ. ಹೀಗೆ ಏಳು ಮಂದಿ ದುಡ್ಡು ಕೊಟ್ಟೇಬಿಟ್ಟರು!

ಮುಂಗಡ ಪಡೆದವನು ರಶೀದಿ ಕೊಡಬೇಕು ತಾನೆ? ರಶೀದಿ ಅಂದರೆ ನಂಬಿಕೆ ಇಲ್ಲದವರ ವ್ಯವಹಾರ ಎಂದು ಕಾಕಾನ ವಾದ. ಪುಣೆಯಲ್ಲಿ ಮದುವೆಯ ನಿಶ್ಚಯಕ್ಕೆ ಸಾಖರಪುಡಾ ಅನ್ನುತ್ತಾರೆ. ಸಕ್ಕರೆಯ ಪೊಟ್ಟಣ ಕೈಗಿಟ್ಟರೆ ಮುಗಿಯಿತು, ಇನ್ನು ಮಾತು ತಪ್ಪುವಂತಿಲ್ಲ. ಕಾಕಾ ಒಬ್ಬೊಬ್ಬ ಗಿರಾಕಿಗೂ ಕುಂಕುಮ ಹಚ್ಚಿ, ಸಕ್ಕರೆಯ ಪೊಟ್ಟಣ ಕೊಟ್ಟು ಬಂದ.

"ಅಲ್ರೀ, ಮನ್ಯಾಗ ಚಹಾಕ್ಕ ಸಕ್ಕರಿ ಇಲ್ಲ. ಮೋಟಾರಿಗೆ ಸಾಖರಪುಡಾ ಏನ್ರೀ?" ಎಂದು ಕಾಕು ತಲೆ ಚಚ್ಚಿಕೊಂಡಳು. ಎರಡು ತಿಂಗಳು ನಾವು ಬೆಲ್ಲದ ಚಹಾ ಕುಡಿದೆವು. ಮುಂಗಡದ ದುಡ್ಡನ್ನಾದರೂ ಮುಟ್ಟಿದನೇ? ಇಲ್ಲ. ಅದು ಪರರ ಸೊತ್ತು ಎಂದು ಏಳು ಗಂಟು ಕಟ್ಟಿ ದೇವರ ಹಿಂದೆ ಇಟ್ಟ. ಬ್ಯಾಟರಿಗೆ, ಕರೆಂಟಿನ ಎಂಜಿನ್ನಿಗೆಲ್ಲ ತನ್ನದೇ ಉಳಿತಾಯ ಸುರಿದ. ಬ್ಯಾಟರಿಗೆ ಕರೆಂಟು ತುಂಬುವಾಗ ವಾಡೆಯ ದೀಪಗಳೆಲ್ಲ ತೂಕಡಿಸುತ್ತಿದ್ದವು. ತಿಂಗಳ ಕೊನೆಗೆ ತನ್ನ ಮನೆಯ ಮೀಟರನ್ನು ತಾನೇ ನೋಡಿ, "ಏನ್ ಮಂದೀನೋ, ದುಂದು ಖರ್ಚು!" ಎಂದು ತನ್ನನ್ನೇ ಬೈದುಕೊಂಡ.

ಅಂತೂ ಒಂದು ಭಾನುವಾರ ಏಳೂ ಗಿರಾಕಿಗಳನ್ನು ಕರೆಸಿದ. ಅವರೋ, ಅಂಗಳದಲ್ಲಿ ಇದ್ದ ಮೋಟಾರು ತಂತಮ್ಮದೇ ಎಂದು ನಂಬಿ ಹಾರ ಹಿಡಿದುಕೊಂಡು ಬಂದಿದ್ದರು! ಒಂದು ಹೆಣ್ಣಿಗೆ ಏಳು ವರರ ದಿಬ್ಬಣ ಬಂದ ಹಾಗಾಯಿತು. ಇನ್ನೂ ಆರು ಮಾಡೋಣವೆಂದರೆ, ಯುದ್ಧ ಮುಗಿಯುವವರೆಗೆ ಬ್ಯಾಟರಿ ಕೊಡುವುದಿಲ್ಲ ಎಂದು ಮುಂಬಯಿಯ ಅಂಗಡಿಯವನು ಆ ವಾರವೇ ಕಾಗದ ಬರೆದಿದ್ದ.

ಗಿರಾಕಿಗಳ ಪೈಕಿ ಪೇಢೆ ಅಂಗಡಿಯ ಸೇಠರೂ ಬೆಳಗಾವಿ ಕಡೆಯ ವಕೀಲರೂ ಒಟ್ಟಿಗೆ ಹತ್ತಿ ಕೂತರು. ಮೋಟಾರು ಮಿಸುಕಲಿಲ್ಲ. ಸೇಠರು ಇಳಿದದ್ದೇ ತಡ, ಕಾಕಾ ಪಕ್ಕದಲ್ಲಿ ನಿಂತು ಚಾಲೂ ಮಾಡಲು, ಮನುಷ್ಯ ನಡೆಯುವ ವೇಗದಲ್ಲಿ ಸದ್ದಿಲ್ಲದೆ ಹೊರಟಿತು! ವಾಡೆಗೆ ವಾಡೆಯೇ ಚಪ್ಪಾಳೆ ತಟ್ಟಿತು.

"ಒಬ್ಬಂವ ಕೂತರೂ ಅಡ್ಡಿಯಿಲ್ಲ. ಕೋರ್ಟಿಗೆ ನಾನೊಬ್ಬನಽ ಹೋಗೂದು. ಎರಡು ಪಟ್ಟು ಕೊಡತೀನ್ರಿ, ನನಗಽ ಕೊಡ್ರಿ," ಎಂದರು ವಕೀಲರು. ಕಾಕುವಿನ ಮುಖ ಅರಳಿತು. ಹೋದ ಉಳಿತಾಯ ಮರಳಿ ಬರುವ ಹೊತ್ತು! ನನಗೂ ಸಂತೋಷವೇ ಆಯಿತು ಎಂದರೆ ಸುಳ್ಳಾದೀತು. ಆ ಮೋಟಾರು ನನ್ನನ್ನು ಒಂದು ದಿನವಾದರೂ ಶಾಲೆಗೆ ಒಯ್ದೀತೆಂದು ಒಳಗೊಳಗೇ ಆಸೆಪಟ್ಟಿದ್ದೆ.

ಅಷ್ಟರಲ್ಲಿ ವಕೀಲರು ಬಗ್ಗಿ ಕಾಲ ಬಳಿ ತಡಕಾಡಿದರು. "ಇದೇನ್ರೀ, ಕಾಲಿಗೆ ಒಂದೂ ಪೆಡಲ್ ಇಲ್ಲ? ಬ್ರೇಕೂ ಕೈಯಾಗ, ವೇಗದ ಹಿಡಿಕೀನೂ ಕೈಯಾಗ! ಇದನ್ನೆಲ್ಲ ಕೆಳಗ ಮಾಡಿಸಿಕೊಡ್ರಿ ಮತ್ತ."

ಕಾಕಾ ತಲೆ ತಗ್ಗಿಸಿ ನಿಂತ. ಆಮೇಲೆ ಒಳಗೆ ಹೋಗಿ ಏಳೂ ಗಂಟುಗಳನ್ನು ತಂದು ಒಬ್ಬೊಬ್ಬರ ಕೈಗೂ ಇಟ್ಟು ಕೈಮುಗಿದ.

"ತಪ್ಪಾತ್ರಿ, ಕ್ಷಮಾ ಮಾಡ್ರಿ. ಇನ್ನ ಆರು ಮಾಡೂದು ನನ್ನ ಕಡಿಂದ ಆಗಂಗಿಲ್ಲ. ಇದೊಂದು ನಮ್ಮ ಹುಡುಗೀಗಂತ ಮಾಡಿದ್ದು. ಆಕಿ ಸಾಲಿಗೆ ಹೋಗಬೇಕ್ರಿ."

ನನಗೆ ಅಳು ತಡೆಯಲಾಗಲಿಲ್ಲ. ಕಾಕು ನನಗಿಂತ ಜೋರಾಗಿ ಅತ್ತಳು. ವಕೀಲರು ತಮ್ಮ ಹಾರವನ್ನು ಮೋಟಾರಿನ ಮೂತಿಗೆ ಹಾಕಿ ಹೋದರು.

ಮರುದಿನದಿಂದ ಶಾಲೆಗೆ ಹೊರಟೆ. ಇಬ್ಬರ ಭಾರ ಹೊರದ ಮೋಟಾರಿನಲ್ಲಿ ನಾನು, ಪಕ್ಕದಲ್ಲಿ ಬಾಗಿಲಿಗೆ ಕೈಯಿಟ್ಟು ನಡೆದು ಬರುವ ಕಾಕಾ. ಬಿಸಿಲೋ ಮಳೆಯೋ, ಇಡೀ ವರ್ಷ ಹಾಗೇ ನಡೆದ. ಶಾಲೆಯ ಬಾಗಿಲಲ್ಲಿ ನನ್ನನ್ನು ಇಳಿಸಿ, ಆಮೇಲೆ ಊರ ಮೀಟರುಗಳನ್ನು ನೋಡಲು ಮತ್ತೆ ನಡೆದೇ ಹೋಗುತ್ತಿದ್ದ. ನಾನು ಮ್ಯಾಟ್ರಿಕ್ ಪಾಸಾದೆ, ಮುಂದೆ ಓದಿದೆ, ಮೂವತ್ತು ವರ್ಷ ಪಾಠ ಹೇಳಿದೆ. ಎಲ್ಲವೂ ಅವನ ಋಣ.

ಪರೀಕ್ಷೆಯ ಕೊನೆಯ ದಿನ ಕೇಳಿದ್ದೆ, "ಕಾಕಾ, ವರ್ಷಪೂರ್ತಿ ನಡದು ನಿನಗ ದಣಿವಾಗಲಿಲ್ಲೇನೋ?"

"ನನಗ್ಯಾಕ ದಣಿವು?" ಎಂದ ಬೆವರು ಒರೆಸಿಕೊಳ್ಳುತ್ತ. "ಮೋಟಾರು ನಡಸಿದಾಕಿ ನೀನು. ನಾ ಬರೇ ಜೋಡಿ ಬಂದೆ."