ರೊಟ್ಟಿ ಹಂಚಿನ ಗಡಿಯಾರ

ಕಚೇರಿ ಗುಮಾಸ್ತ ಕಬ್ಬಿಣ ಕಾಯಿಸಿದರೆ ಜನ ನಗುತ್ತಾರೆ. ನಗಲಿ. ೧೯೮೦ರ ಸುಮಾರಿಗೆ ರಾಯಚೂರಿನ ನಮ್ಮ ಮನೆಯ ಹಿತ್ತಲಲ್ಲಿ ಕುಲುಮೆ ಹೂಡಿ, ಗೋಡೆ ಗಡಿಯಾರವೊಂದನ್ನು ಕೈಯಾರೆ ಮಾಡಿಯೇ ಸಿದ್ಧ ಎಂದು ಹಟ ಹಿಡಿದೆ. ಅಂದಿನಿಂದ ಏನಾದರೊಂದು ಪ್ರಸಂಗ ನಡೆಯುತ್ತಲೇ ಇತ್ತು.

೧. ದೊಡ್ಡ ಚಕ್ರ

ದೊಡ್ಡ ಹಲ್ಲುಚಕ್ರಕ್ಕೆ ತಕ್ಕ ಕಬ್ಬಿಣ ಬಜಾರಿನಲ್ಲಿ ಸಿಗಲಿಲ್ಲ, ಅಡುಗೆಮನೆಯಲ್ಲಿ ಸಿಕ್ಕಿತು. ಹಲ್ಲು ಕೊರೆದು ಮುಗಿಸುವ ಹೊತ್ತಿಗೆ ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದಳು.

"ನನ್ನ ರೊಟ್ಟಿ ಹಂಚು ಎಲ್ಲದರೀ?"

"ಅದು ಇನ್ನ ರೊಟ್ಟಿ ಸುಡಂಗಿಲ್ಲ. ತಾಸು ತೋರಸ್ತದ."

"ಚಲೋ ಆತು. ಊಟದ ತಾಸು ಬಂದಾಗ ಅದನ್ನೇ ಕಡ್ಕೊಂಡು ತಿನ್ರಿ."

ವಾರವೆಲ್ಲ ಬರೀ ಅನ್ನ ಉಂಡೆ. ಹಂಚು ಮಾತ್ರ ಕೊಡಲಿಲ್ಲ.

೨. ಗಿರಾಕಿ

ಸುತ್ತಿಗೆ ಸಪ್ಪಳ ಕೇಳಿ ಮಾನ್ವಿ ಕಡೆಯ ರೈತನೊಬ್ಬ ಕುಡುಗೋಲಿನ ಕಟ್ಟು ತಂದು ಇಳಿಸಿದ.

"ನಾ ಕಮ್ಮಾರ ಅಲ್ಲೋ ಯಪ್ಪಾ, ಗಡಿಯಾರ ಮಾಡಾಕತ್ತೀನಿ!" ಎಂದು ರೇಗಿದೆ.

ಆತ ನನ್ನನ್ನೂ ಚಕ್ರಗಳನ್ನೂ ನೋಡಿ, ಬಾಗಿಲಲ್ಲಿದ್ದ ನನ್ನ ಹೆಂಡತಿಗೆ ಹೇಳಿದ: "ಯವ್ವಾ, ಇವತ್ತ ಸಾಹೇಬ್ರು ಸಿಟ್ಟಿನ್ಯಾಗ ಅದಾರ. ಕಟ್ಟು ಇಲ್ಲೇ ಇರಲಿ, ನಾಳಿ ಬರ್ತೀನಿ."

೩. ಮೀಸೆ

ಗಡಿಯಾರ ಜೋಡಿಸಿದ ದಿನವೇ ದೇವದುರ್ಗದಿಂದ ಮಾವನವರು ಬಂದರು. ಅವರಿಗಿಂತ ಮೊದಲು ಅವರ ಮೀಸೆ ಹೊಸ್ತಿಲು ದಾಟುತ್ತಿತ್ತು. ಲೋಲಕ ತೂಗಿತು, ಟಕ್ ಟಕ್ ಅಂದಿತು, ಮುಳ್ಳು ಹಿಂದಕ್ಕೆ ಹೊರಟಿತು! ನಡುವೆ ಒಂದು ಚಕ್ರ ಹೆಚ್ಚಿಗೆ ಕೂಡಿಸಿಬಿಟ್ಟಿದ್ದೆ.

"ಅಳಿಯಂದ್ರ, ಈ ಕಬ್ಬಿಣ ಸರಿ ತಾಸು ಹೇಳಿದ್ರ ನನ್ನ ಮೀಸಿ ಬೋಳಸ್ತೀನಿ. ಮುಂದಿನ ಸಲ ನಾ ಬರೂದ್ರಾಗ ಹೇಳಲಿಲ್ಲಂದ್ರ ನಿಮ್ಮ ಕುಲುಮಿ ಕೀಳಬೇಕು," ಎಂದರು.

"ಆಗ್ಲಿ. ಆದ್ರ ಒಂದು ಚಕ್ರನೂ ಬಿಚ್ಚಂಗಿಲ್ಲ," ಎಂದೆ. ಅವರ ಮಾತಿಗೆ ಬಿಚ್ಚಿದರೆ ಸೋತಂತೆಯೇ ಸರಿ.

"ಇರಲಿ ಬಿಡಪ್ಪಾ," ಅಂದಳು ಹೆಂಡತಿ, "ಇವರ ವಯಸ್ಸರ ಕಡಿಮಿ ಆದೀತು."

೪. ಕನ್ನಡಿ

ಕ್ಷೌರದಂಗಡಿಯ ಗೆಳೆಯನೊಬ್ಬ ಗಡಿಯಾರ ನೋಡಿ, "ನನಗ ಕೊಡ್ರಿ" ಅಂದ. ಮುಂದೊಂದು ಬಿಳಿ ತಗಡು ಕೂಡಿಸಿ, ಅಂಕಿಗಳ ಬದಲು ಮೊಳೆ ಬಡಿದು ಕೊಟ್ಟೆ. ಅವನು ಅದನ್ನು ಅಂಗಡಿಯ ಒಳಗೆ, ಬಾಗಿಲ ಪಕ್ಕದ ಗೋಡೆಗೆ ತೂಗುಹಾಕಿದ. ಕುರ್ಚಿಯಲ್ಲಿ ಕೂತವನ ಬೆನ್ನಿಗೆ ಗಡಿಯಾರ, ಎದುರಿಗೆ ಕನ್ನಡಿ.

ಮುಂದಿನ ಸಲ ಬಂದ ಮಾವನವರನ್ನು ಗಡ್ಡ ಮಾಡಿಸಲು ಅಲ್ಲಿಗೇ ಕರೆದೊಯ್ದೆ. ಸೋಪು ಹಚ್ಚಿಸಿಕೊಂಡು ಅವರು ಕನ್ನಡಿ ನೋಡಿದರು, ತಮ್ಮ ಕೈಗಡಿಯಾರ ನೋಡಿಕೊಂಡರು, ತಲೆದೂಗಿದರು.

"ನೋಡ್ರಿ ಅಳಿಯಂದ್ರ, ಗಡಿಯಾರ ಅಂದ್ರ ಇದು! ಒಂದು ನಿಮಿಷ ಸುದ್ದಾ ತಪ್ಪಿಲ್ಲ."

"ಹೊಳ್ಳಿ ನೋಡ್ರಿ ಮಾವಾರ."

ಹಿಂದಕ್ಕೆ ತಿರುಗಿ ನೋಡಿದರು. ಮುಳ್ಳು ಹಿಂದಕ್ಕೆ ಓಡುತ್ತಿತ್ತು. ಮತ್ತೆ ಕನ್ನಡಿ ನೋಡಿದರು. ಮುಂದಕ್ಕೆ ಓಡುತ್ತಿತ್ತು. ತಗಡಿನ ಹಿಂದಿನಿಂದ ಮಗಳ ರೊಟ್ಟಿ ಹಂಚು ಇಣುಕುತ್ತಿತ್ತು.

ನನ್ನ ಗೆಳೆಯ ಕತ್ತಿ ಮಸೆಯುತ್ತ ಮೆಲ್ಲಗೆ ಕೇಳಿದ: "ಯಜಮಾನ್ರ, ಮೀಸಿ ಎಡಗಡಿಂದ ಸುರು ಮಾಡ್ಲ್ಯೋ, ಬಲಗಡಿಂದನೋ?"