ಬಚ್ಚಲ ಬಾಗಿಲಿಗೆ ಬಡಿದ ಅಲೆ

"ನೋಡ್ತಾ ಇರು, ಇಷ್ಟು ದಿನ ನಾನು ಬರೀ ದಂತವೈದ್ಯ. ಈ ವರ್ಷ ಮುಗಿಯೋದ್ರೊಳಗೆ ದಂತಕಥೆ ಆಗ್ತೀನಿ!"

ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ದಂತವೈದ್ಯರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಪತ್ರಿಕೆಯಿಂದ ತಲೆಯನ್ನೇ ಎತ್ತಲಿಲ್ಲ.

"ಕಥೆ ಆಗೋಕೆ ಮುಂಚೆ ಆ ಹಲಗೇನ ಹಾಲ್‌ನಿಂದ ತೆಗೀರಿ. ನಿನ್ನೆ ಅದಕ್ಕೆ ಎಡವಿ ನನ್ನ ಹಲ್ಲೇ ಹೋಗ್ತಿತ್ತು."

"ಹೋದ್ರೆ ಹೋಗ್ಲಿ ಬಿಡು, ಮನೇಲೇ ಡಾಕ್ಟರಿದ್ದೀನಲ್ಲ!"

"ನನಗಿರೋ ಭಯವೇ ಅದು."

ಹಲಗೆ ಅಂದರೆ ಸಾಮಾನ್ಯ ಹಲಗೆಯಲ್ಲ. ಅಲೆಯ ಮೇಲೆ ನಿಂತು ಸವಾರಿ ಮಾಡುವ ಸರ್ಫಿಂಗ್ ಹಲಗೆ. ಕೂದಲು ಹಿಂದೆ ಸರಿದು ಹೊಟ್ಟೆ ಮುಂದಾಳತ್ವ ವಹಿಸಿಕೊಂಡ ವಯಸ್ಸಿನಲ್ಲಿ ದಂತವೈದ್ಯರಿಗೆ ಈ ಹುಚ್ಚು ಹಿಡಿದಿತ್ತು. ಪ್ರತಿ ಭಾನುವಾರ ಕಡಲಿಗೆ ಹೋಗುವುದು, ಹಲಗೆಯ ಮೇಲೆ ಮಲಗುವುದು, ಏಳಲು ಹೋಗುವುದು, ಬೀಳುವುದು! ಕಲಿಸುವ ಹುಡುಗಿಯ ವಕ್ರದಂತಗಳಿಗೆ ಒಂದು ಕಾಲದಲ್ಲಿ ತಂತಿ ಕಟ್ಟಿದವರು ಇವರೇ. ಆ ಋಣಕ್ಕೋ ಏನೋ, ಅವಳು ನಗು ತಡೆದುಕೊಂಡು ಬುದ್ಧಿ ಹೇಳಿದ್ದಳು:

"ಅಂಕಲ್, ದೊಡ್ಡ ಅಲೆ ಹಿಡೀಬೇಕು ಅಂತ ತಲೆ ಕೆಡಿಸ್ಕೋಬೇಡಿ. ಖುಷಿ ಕೊಡೋ ಪುಟ್ಟ ಪುಟ್ಟ ಗುರಿ ಇಟ್ಕೊಳ್ಳಿ. ಆಟ ಅಂದ್ಕೊಂಡ್ರೆ ಮೈ ತಾನಾಗೇ ಕಲಿಯುತ್ತೆ."

ಅಷ್ಟು ಸಾಕಾಯಿತು. ದಂತವೈದ್ಯರು ಗುರಿಗಳನ್ನು ಇಟ್ಟುಕೊಂಡರು. ಹಲಗೆಯ ಮೇಲೆ ಎದ್ದು ನಿಂತು, ಬೀಳುವುದರೊಳಗೆ ತಮ್ಮ ಪೂರ್ತಿ ಹೆಸರನ್ನು ಪದವಿಗಳ ಸಮೇತ ಕೂಗಬೇಕು. ಇದು ಮೊದಲನೆಯದು. ಸದ್ಯಕ್ಕೆ ಇನಿಷಿಯಲ್‌ನಲ್ಲೇ ಮುಳುಗುತ್ತಿದ್ದರು. ಆಮೇಲೆ ದಡದಲ್ಲಿರುವ ಹೆಂಡತಿಗೆ ಒಂದು ಕೈ ಎತ್ತಿ ಟಾಟಾ ಮಾಡಬೇಕು. ಹೆಂಡತಿ ದಡಕ್ಕೆ ಬರುವುದೇ ಇಲ್ಲ ಎಂಬುದು ಬೇರೆ ಮಾತು! ಇನ್ನು ಬೀಳುವಾಗ ಬಾಯಿ ಮುಚ್ಚಿಕೊಂಡೇ ಬೀಳಬೇಕು. ಅದುವರೆಗೆ ಅವರು ಕುಡಿದ ಉಪ್ಪುನೀರಿಗೆ ಕಡಲೇ ಒಂದು ಗೆರೆ ಇಳಿದಿರಬೇಕು.

ಈ ಗುರಿಗಳನ್ನೆಲ್ಲ ಅವರು ರೋಗಿಗಳಿಗೆ ವಿವರವಾಗಿ ಹೇಳುತ್ತಿದ್ದರು. ಯಾರೂ ಎದುರಾಡುತ್ತಿರಲಿಲ್ಲ. ಬಾಯಿ ಅಗಲಿಸಿ ಕೂತವರು ಏನು ತಾನೇ ಎದುರಾಡಿಯಾರು?

ಆದರೆ ಆ ದಿನ ಹೆಂಡತಿಗೆ ಅಲೆಗಳ ಗೊಡವೆ ಬೇಕಿರಲಿಲ್ಲ. ಆಕೆ ಊರಿನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಶಾಲೆಗೆ ಹತ್ತನೇ ತರಗತಿ ಮಂಜೂರಾಗಬೇಕೆಂದು ವರ್ಷಗಟ್ಟಲೆ ಓಡಾಡಿ ಚಪ್ಪಲಿ ಸವೆಸಿದ್ದರು. ಅಂತೂ ಅಂದು ತಪಾಸಣೆಯ ಸಾಹೇಬರು ಬರುವುದೆಂದು ನಿಶ್ಚಯವಾಗಿತ್ತು. ಅವರು ತಲೆ ಆಡಿಸಿದರೆ ಮಂಜೂರು, ಇಲ್ಲದಿದ್ದರೆ ಒಂಬತ್ತನೇ ಕ್ಲಾಸಿನ ಮಕ್ಕಳೆಲ್ಲ ಬೇರೆ ಊರಿನ ಬಸ್ಸು ಹತ್ತಬೇಕು.

"ಇವತ್ತು ಒಂದು ದಿನ, ಒಂದೇ ಒಂದು ದಿನ, ನಿಮ್ಮ ಕಡಲು ಕಡಲಲ್ಲೇ ಇರ್ಲಿ," ಎಂದು ಕೈಮುಗಿದು ಆಕೆ ಸ್ನಾನಕ್ಕೆ ಹೋದರು.

ದಂತವೈದ್ಯರ ದವಾಖಾನೆ ಕೆಳಗೆ, ಮನೆ ಮೇಲೆ. ಅಷ್ಟರಲ್ಲಿ ಕೆಳಗಿನಿಂದ ಸಹಾಯಕಿ ಕೂಗಿದಳು: "ಡಾಕ್ಟ್ರೇ, ಯಾರೋ ಬಂದಿದ್ದಾರೆ! ತುಂಬಾ ನೋವಂತೆ!"

ದಂತವೈದ್ಯರು ದಡದಡ ಇಳಿದರು. ದಪ್ಪ ಮೀಸೆಯ, ಇಸ್ತ್ರಿ ಅಂಗಿಯ ಗಂಭೀರ ಮನುಷ್ಯರೊಬ್ಬರು ಕೆನ್ನೆ ಹಿಡಿದು ಕೂತಿದ್ದರು. ಅವರು ತಮ್ಮ ನೋವಿನ ಚರಿತ್ರೆ ಆರಂಭಿಸುವ ಮೊದಲೇ ದಂತವೈದ್ಯರು ಬಾಯಿ ತೆರೆಸಿ, ದೀಪ ಹಿಡಿದು, ಸೂಜಿ ಚುಚ್ಚಿ, ನಡುನಡುವೆ ಅಲೆಯ ಸ್ವಭಾವವನ್ನೂ ವರ್ಣಿಸಿ ಮುಗಿಸಿದರು. ರೋಗಿ ಬೆರಳೆತ್ತಿ ಏನೋ ಹೇಳಲು ಹೋದರು.

"ಮಾತಾಡ್ಬೇಡಿ! ಮರಗಟ್ಟೋಕೆ ಬಿಡಿ. ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ!"

ಈ ಬಿಡುವು ದೇವರು ಕೊಟ್ಟದ್ದು! ದಂತವೈದ್ಯರು ಮತ್ತೆ ಮಹಡಿ ಹತ್ತಿದರು. ಹಾಲ್‌ನಲ್ಲಿ ಅವರ ಪ್ರಯೋಗಶಾಲೆ ಸಿದ್ಧವಾಗಿತ್ತು. ಖಾಲಿಯಾದ ಗ್ಯಾಸ್ ಸಿಲಿಂಡರನ್ನು ಅಡ್ಡ ಮಲಗಿಸಿದ್ದರು. ಅಲೆ ಉರುಳುತ್ತದೆ, ಸಿಲಿಂಡರೂ ಉರುಳುತ್ತದೆ; ಆದ್ದರಿಂದ ಸಿಲಿಂಡರೂ ಒಂದು ಅಲೆಯೇ! ನೆಲಕ್ಕೆ ತಗಲಬಾರದೆಂದು ಹಲಗೆಯಡಿಯ ರೆಕ್ಕೆಯನ್ನು ಬಿಚ್ಚಿಟ್ಟಿದ್ದರು. ಹಲಗೆಯನ್ನು ಸಿಲಿಂಡರಿನ ಮೇಲಿಟ್ಟು, ಅದರ ಮೇಲೆ ಬೋರಲಾಗಿ ಮಲಗಿ, ಕಣ್ಣು ಮುಚ್ಚಿ ಕಡಲನ್ನು ಕಲ್ಪಿಸಿಕೊಂಡು, "ಹೂಂ!" ಎಂದು ಚಿಮ್ಮಿ ಎದ್ದರು.

ಅವರು ಎದ್ದರು ಎನ್ನುವುದು ಅವರ ಅಭಿಪ್ರಾಯ. ನಡೆದದ್ದೇ ಬೇರೆ. ಸಿಲಿಂಡರು ಹಿಂದಕ್ಕೆ, ಹಲಗೆ ಮುಂದಕ್ಕೆ, ದಂತವೈದ್ಯರು ಕೆಳಕ್ಕೆ! ಬಿಲ್ಲು ಬಿಟ್ಟ ಬಾಣದಂತೆ ಹಲಗೆ ಓಣಿಯೊಳಗೆ ನುಗ್ಗಿ, ಬಚ್ಚಲುಮನೆಯ ಬಾಗಿಲಿಗೆ ಮೂತಿ ಗುದ್ದಿ, ಬಾಲವನ್ನು ಎದುರಿನ ಕಬ್ಬಿಣದ ಬೀರುವಿನ ಮೂಲೆಗೆ ಸಿಕ್ಕಿಸಿ, ಓರೆಯಾಗಿ ಅಗುಳಿ ಹಾಕಿದಂತೆ ನಿಂತುಬಿಟ್ಟಿತು. ಮನೆಯಲ್ಲಿ ಹೊರಕ್ಕೆ ತೆರೆಯುವ ಬಾಗಿಲು ಅದೊಂದೇ!

"ಅಯ್ಯೋ! ಭೂಕಂಪ!" ಎಂದು ಒಳಗಿನಿಂದ ಚೀತ್ಕಾರ ಕೇಳಿತು.

"ಭೂಕಂಪ ಅಲ್ಲ ಕಣೇ, ನಾನು!"

ಒಳಗಿನಿಂದ, ಭೂಕಂಪವೇ ವಾಸಿಯಾಗಿತ್ತು ಎಂಬಂಥ ನಿಟ್ಟುಸಿರು. ಆಮೇಲೆ ಬಾಗಿಲು ದಡದಡ ಅಲುಗಿತು. ಒಳಗಿನಿಂದ ತಳ್ಳಿದಷ್ಟೂ ಹಲಗೆ ಬಿಗಿಯಾಗುತ್ತಿತ್ತು.

"ರೀ! ಬಾಗಿಲು ಬರ್ತಿಲ್ಲ! ಇಲ್ಲಿ ನಲ್ಲಿ ತಿರುಪು ಬೇರೆ ಕಿತ್ತು ಕೈಗೇ ಬಂತು! ನಿಮ್ಮ ಸದ್ದಿಗೆ ಬೆಚ್ಚಿ ಎಳೆದ್ಬಿಟ್ಟೆ! ನೀರು ಧಾರಾಕಾರ ಸುರೀತಿದೆ!"

ಬಾಗಿಲ ಸಂದಿಯಿಂದ ನೀರು ಹೊರಗೆ ಇಣುಕುತ್ತಿತ್ತು. ಜೊತೆಗೆ ಯಾವುದೋ ಶಾಂಪೂ ಬಾಟಲಿಯೂ ಮಗುಚಿದ್ದರಿಂದ ನೊರೆಯೂ ಬಂತು. ಅವರು ಹಲಗೆಯನ್ನು ಎಳೆದರು, ಒದ್ದರು, ಕೊನೆಗೆ ಮೃದುವಾಗಿ ಬೇಡಿಕೊಂಡರು. ಅದು ಜಪ್ಪಯ್ಯ ಅನ್ನಲಿಲ್ಲ.

"ಗರಗಸ ತಗೊಂಡು ಕತ್ತರಿಸಿ!"

"ಏನು, ಬಾಗಿಲನ್ನಾ?"

"ಹಲಗೇನಾ!"

"ಹಲಗೇನಾ?" ದಂತವೈದ್ಯರು ಹಲಗೆಯನ್ನು ಎರಡು ಕೈಯಿಂದ ತಬ್ಬಿಕೊಂಡರು. "ಸ್ವಲ್ಪ ಸಮಾಧಾನ ತಗೋ. ಬಾಗಿಲು ಮತ್ತೆ ಮಾಡಿಸ್ಬಹುದು, ಆದ್ರೆ ಹಲಗೆ..."

"ಹೆಂಡತಿ ಮತ್ತೆ ಸಿಗ್ತಾಳಾ?"

ಈ ಪ್ರಶ್ನೆಗೆ ಜಾಣ ಗಂಡ ತಕ್ಷಣ ಉತ್ತರಿಸಬೇಕು. ದಂತವೈದ್ಯರು ಉಸಿರೆಳೆದುಕೊಳ್ಳಲು ನಿಂತದ್ದೇ ತಪ್ಪಾಯಿತು. ಒಳಗಿನಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮುಖ್ಯೋಪಾಧ್ಯಾಯಿನಿಗೆ ಅಂಥ ಶಬ್ದಸಂಪತ್ತು ಇದೆಯೆಂದು ಅವರಿಗೂ ಅಂದೇ ತಿಳಿದದ್ದು.

ಅಷ್ಟರಲ್ಲಿ ಸಹಾಯಕಿ ಮೆಟ್ಟಿಲು ಹತ್ತಿ ಬಂದಳು. ಹಿಂದೆ ಆ ಗಂಭೀರ ರೋಗಿ, ಕೊರಳಿಗೆ ದವಾಖಾನೆಯ ಬಿಳಿ ಬಟ್ಟೆ ಕಟ್ಟಿಕೊಂಡೇ!

"ಇವ್ರು ಕೂತಲ್ಲಿ ಕೂರ್ತಿಲ್ಲ ಡಾಕ್ಟ್ರೇ. ಏನೋ ಹೇಳ್ಬೇಕಂತೆ. ನನಗೊಂದೂ ಅರ್ಥವಾಗ್ತಿಲ್ಲ."

"ಸರಿಯಾದ ಹೊತ್ತಿಗೆ ಬಂದ್ರಿ ಸಾರ್! ಸ್ವಲ್ಪ ಕೈ ಹಾಕಿ!" ಎಂದರು ದಂತವೈದ್ಯರು.

"ಅಅಗಡೆ!" ಎಂದರು ರೋಗಿ.

"ಆ ಕಡೆನಾ? ಆ ಕಡೆಯಿಂದ ತಳ್ಳೋಣ ಅಂತೀರಾ? ಭೇಷ್!"

ರೋಗಿ ಜೋರಾಗಿ ತಲೆ ಅಲ್ಲಾಡಿಸಿ, ಬೆರಳಿನಿಂದ ತಮ್ಮ ಕೆನ್ನೆಯನ್ನು ಚುಚ್ಚಿ ಚುಚ್ಚಿ ತೋರಿಸಿದರು. "ಅಅಗಡೆ! ಅಅಗಡೆ!"

"ಓಹೋ, ಕೆನ್ನೆ ಕೊಟ್ಟು ತಳ್ಬೇಕಾ? ಅದೂ ಒಂದು ಉಪಾಯವೇ!" ದಂತವೈದ್ಯರು ಹಲಗೆಗೆ ಕೆನ್ನೆ ಒತ್ತಿ ಬಲ ಹಾಕಿ ತಳ್ಳಿದರು. ರೋಗಿ ಅವರನ್ನೇ ದಿಗಿಲಿನಿಂದ ನೋಡಿದರು. ಕಾಲಡಿಯಲ್ಲಿ ನೊರೆ, ಬಾಗಿಲ ಹಿಂದೆ ಹೆಂಗಸಿನ ಕೂಗು, ಎದುರಿಗೆ ಹಲಗೆಯನ್ನು ಮುದ್ದು ಮಾಡುತ್ತಿರುವ ಡಾಕ್ಟರು! ಬೇರೆ ದಾರಿ ಕಾಣದೆ ತಾವೂ ಪಕ್ಕದಲ್ಲಿ ಭುಜ ಕೊಟ್ಟರು.

"ಯಾರದು ಇನ್ನೊಂದು ದನಿ?" ಒಳಗಿನಿಂದ ಪ್ರಶ್ನೆ.

"ಪೇಷೆಂಟ್ ಕಣೇ. ಪಾಪ, ಬಾಯಿ ಮರಗಟ್ಟಿದೆ. ಆದ್ರೂ ಸಹಾಯಕ್ಕೆ ನಿಂತಿದ್ದಾರೆ, ದೇವರಂಥವರು."

"ಅಂಥ ದೇವರನ್ನ ನಮ್ಮ ಶಾಲೆಗೆ ಕಳಿಸ್ಬಾರದಾ! ಬರ್ತಿರೋದು ಯಾರು ಗೊತ್ತಾ? ಆ ತಪಾಸಣೆ ಸಾಹೇಬ! ಕಪ್ಪುಹಲಗೆ ಯಾಕೆ ಕಪ್ಪಗಿದೆ ಅಂತ ವಿವರಣೆ ಕೇಳೋ ಆಸಾಮಿ! ಹಿಂದಿನ ಶಾಲೇಲಿ ಗಂಟೆ ಸದ್ದು ಜಾಸ್ತಿಯಾಯ್ತು ಅಂತ ಅರ್ಧ ದಿನ ಭಾಷಣ ಬಿಗಿದ್ನಂತೆ! ಅವನ ಬಾಯಿಗೆ ಬೀಗ ಹಾಕೋರು ಯಾರೂ ಹುಟ್ಟಿಲ್ಲ!"

ರೋಗಿಯ ಮೀಸೆ ಒಮ್ಮೆ ಅದುರಿತು. ಮದ್ದಿನ ಪ್ರಭಾವ ಇರಬೇಕೆಂದು ದಂತವೈದ್ಯರು ಭಾವಿಸಿದರು.

ಊಟದ ಮೇಜಿನ ಮೇಲಿದ್ದ ಹೆಂಡತಿಯ ಫೋನು ಆಗಲೇ ಬಡಿದುಕೊಳ್ಳತೊಡಗಿತು. ಒಳಗಿರುವವರಿಗೂ ಕೇಳಲೆಂದು ಸಹಾಯಕಿ ಸ್ಪೀಕರ್ ಒತ್ತಿ ಬಾಗಿಲ ಬಳಿ ಹಿಡಿದಳು. ಶಾಲೆಯ ಗುಮಾಸ್ತರ ದನಿ ಓಣಿಯಲ್ಲೆಲ್ಲ ಮೊಳಗಿತು:

"ಮೇಡಂ, ಗಾಬರಿಯಾಗ್ಬೇಡಿ, ನಿಧಾನವಾಗಿ ಬನ್ನಿ! ಸಾಹೇಬ್ರು ಬರೋದು ತಡವಂತೆ. ಹಲ್ಲುನೋವು ತಡೀಲಾರದೆ ದಾರೀಲೇ ಯಾವುದೋ ದವಾಖಾನೆಗೆ ಹೋಗಿದ್ದಾರಂತೆ. ಅವರ ಡ್ರೈವರ್ ಫೋನ್ ಮಾಡಿದ್ದ. ದಪ್ಪ ಮೀಸೆ ಮೇಡಂ, ನೋಡಿದ ಕೂಡ್ಲೇ ಗೊತ್ತಾಗುತ್ತೆ!"

ದಂತವೈದ್ಯರ ಕೆನ್ನೆ ಹಲಗೆಗೆ ಅಂಟಿಕೊಂಡಂತೆಯೇ ಇತ್ತು. ಅದನ್ನು ಕೀಳದೆ, ಕಣ್ಣುಗುಡ್ಡೆ ಮಾತ್ರ ಹೊರಳಿಸಿ ಪಕ್ಕಕ್ಕೆ ನೋಡಿದರು. ಗೇಣು ದೂರದಲ್ಲಿ ದಪ್ಪ ಮೀಸೆ! ಮೀಸೆಯ ಮೇಲಿನ ಕಣ್ಣುಗಳು ಅವರನ್ನೇ ನೋಡುತ್ತಿದ್ದವು. ದಂತವೈದ್ಯರ ರಕ್ತವೆಲ್ಲ ಕಾಲಿಗಿಳಿದು, ಅಲ್ಲಿಂದ ನೊರೆಯೊಡನೆ ಮೆಟ್ಟಿಲಿಳಿದು ಹೋದಂತಾಯಿತು.

ಒಳಗಿನಿಂದ ಬಹಳ ಸಣ್ಣ, ಬಹಳ ವಿನಯದ ದನಿ ಬಂತು: "ರೀ... ನಿಮ್ಮ ಪೇಷೆಂಟಿಗೆ... ಮೀಸೆ ಇದ್ಯಾ?"

"ಇದೆ ಕಣೇ."

"ದಪ್ಪಾ?"

"ತುಂಬಾ."

ಆ ಉತ್ತರದ ಆಘಾತಕ್ಕೋ, ಇನ್ನು ಹೋಗುವ ಮಾನ ಏನೂ ಉಳಿದಿಲ್ಲವೆಂಬ ಧೈರ್ಯಕ್ಕೋ, ಮುಖ್ಯೋಪಾಧ್ಯಾಯಿನಿ ಬಾಗಿಲಿಗೆ ಒಂದು ಒದೆ ಕೊಟ್ಟರು. ಎಂಥ ಒದೆ! ಬೀರು ಗಡಗಡ ಹಿಂದೆ ಸರಿಯಿತು, ಹಲಗೆ ಛಂಗನೆ ಕಳಚಿ ನೊರೆನೀರಿನ ಮೇಲೆ ಅಂಗಾತ ಬಿತ್ತು, ದಂತವೈದ್ಯರು ಅದರ ಮೇಲೆ ಬಿದ್ದರು. ರೆಕ್ಕೆಯಿಲ್ಲದ ಹಲಗೆ, ಶಾಂಪೂ ಸವರಿದ ನೆಲ! ಹಲಗೆ ಹೊರಟಿತು. ಗಾಬರಿಯಲ್ಲಿ ದಂತವೈದ್ಯರು ಚಿಮ್ಮಿ ಎದ್ದರು, ಎದ್ದವರು ನಿಂತರು, ನಿಂತೇ ಇದ್ದರು! ಓಣಿ ದಾಟಿ, ಹಾಲ್ ಹೊಕ್ಕು, ಸಿಲಿಂಡರಿನ ಪಕ್ಕದಿಂದ ನುಣ್ಣಗೆ ತಿರುಗಿ, ಬಾಯಿಂದ ತಾನಾಗಿಯೇ ಹೊರಟ ಪೂರ್ತಿ ಹೆಸರು, ಎಲ್ಲ ಪದವಿಗಳು, ಕೊನೆಗೆ ದವಾಖಾನೆಯ ಸಮಯವೂ ಮುಗಿದ ಮೇಲೆ ಸೋಫಾದೊಳಗೆ ಮುಖ ಹೂತು ನಿಂತರು. ಒಂದು ತೊಟ್ಟು ನೀರೂ ಬಾಯಿಗೆ ಹೋಗಿರಲಿಲ್ಲ!

"ನೋಡಿದ್ಯಾ? ನೋಡಿದ್ಯೇನೇ?" ಎಂದು ಸೋಫಾದೊಳಗಿಂದಲೇ ಕೂಗಿದರು.

ಯಾರೂ ನೋಡಿರಲಿಲ್ಲ. ಸಹಾಯಕಿ ಕಣ್ಣು ಮುಚ್ಚಿಕೊಂಡಿದ್ದಳು. ಬಚ್ಚಲ ಹೊಸ್ತಿಲಲ್ಲಿ, ತಪಾಸಣೆಗೆಂದೇ ಉಟ್ಟ ಹೊಸ ಬಟ್ಟೆಯಲ್ಲಿ ತಲೆಯಿಂದ ಕಾಲಿನವರೆಗೆ ತೊಯ್ದ ಮುಖ್ಯೋಪಾಧ್ಯಾಯಿನಿ, ಕೈಯಲ್ಲಿ ನಲ್ಲಿಯ ತಿರುಪು ಹಿಡಿದು, ಎದುರಿಗಿದ್ದ ಮೀಸೆಯನ್ನೇ ನೋಡುತ್ತಿದ್ದರು.

"ನಮಸ್ಕಾರ ಸಾರ್," ಎಂದರು.

"ಅಅಸ್ಕಾಅ," ಎಂದರು ಸಾಹೇಬರು.

ಆಕೆ ಬಟ್ಟೆ ಬದಲಿಸಿ ಬಂದ ಮೇಲೆ ಇಬ್ಬರೂ ಸಾಹೇಬರ ಕಾರಿನಲ್ಲೇ ಶಾಲೆಗೆ ಹೊರಟರು. ಹಲ್ಲು ಆಮೇಲೆ ನೋಡಿಕೊಳ್ಳೋಣವೆಂದು ಸಾಹೇಬರು ಸನ್ನೆ ಮಾಡಿದರು. ದಂತವೈದ್ಯರ ಹತ್ತಿರ ಹಾದುಹೋಗುವಾಗ ಮಾತ್ರ ಎರಡು ಹೆಜ್ಜೆ ದೂರವೇ ಉಳಿದರು.

ಆ ಹಗಲು ದಂತವೈದ್ಯರು ನೀರು ಬಾಚಿದರು, ನಲ್ಲಿಯವನನ್ನು ಕರೆಸಿದರು, ಊಟ ಸೇರದೆ ಕಿಟಕಿ ಬಳಿ ಕೂತರು. ಒಂಬತ್ತನೇ ಕ್ಲಾಸಿನ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ಬೇರೆ ಊರಿನ ಬಸ್ಸಿಗೆ ಕಾಯುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಹೆಂಡತಿ ಬಂದರೆ ಮೊದಲು ಕಾಲಿಗೆ ಬೀಳುವುದೋ, ಗರಗಸ ಕೈಗೆ ಕೊಡುವುದೋ ಎಂದು ಯೋಚಿಸಿದರು.

ಸಂಜೆ ಹೆಂಡತಿ ಬಂದರು. ಮುಖ ಅರಳಿತ್ತು!

"ಮಂಜೂರಾಯ್ತು ರೀ!"

"ಏನಂದೆ?"

"ಹತ್ತನೇ ಕ್ಲಾಸು! ಇಂಥ ತಪಾಸಣೆ ನನ್ನ ಸರ್ವೀಸಲ್ಲೇ ನೋಡಿಲ್ಲ. ಮಾತಾಡೋಕೆ ಆಗ್ತಿರ್ಲಿಲ್ವಲ್ಲ, ಮನುಷ್ಯ ಸುಮ್ಮನೆ ಕೂತು ಕೇಳಿದ್ರು. ಮಕ್ಕಳು ಎಷ್ಟು ಚೆನ್ನಾಗಿ ಮಾತಾಡಿದ್ರು ಅಂತೀರಿ! ಎಲ್ಲಾದಕ್ಕೂ ತಲೆ ಆಡಿಸಿದ್ದೇ ಆಡಿಸಿದ್ದು. ಕೊನೇಲಿ ಬಾಯಿ ಸ್ವಲ್ಪ ಸಡಿಲಾದ್ಮೇಲೆ ನಾನೇ ಕ್ಷಮೆ ಕೇಳ್ದೆ, ಬೆಳಿಗ್ಗೆ ಏನೇನೋ ಅಂದ್ಬಿಟ್ಟೆ ಅಂತ. ‘ಪರವಾಗಿಲ್ಲ ಮೇಡಂ, ನಮ್ಮ ಮನೇಲೂ ಹಾಗೇ ಅಂತಾರೆ’ ಅಂದ್ರು."

ದಂತವೈದ್ಯರ ಎದೆ ಉಬ್ಬಿತು. ಬೆಳಗಿನಿಂದ ಕುಗ್ಗಿದ್ದ ಹೊಟ್ಟೆಯೂ ತನ್ನ ಸ್ಥಾನಕ್ಕೆ ಮರಳಿತು.

"ಅಂದ್ರೆ ಅವರ ಬಾಯಿಗೆ ಬೀಗ ಹಾಕಿದ್ದು ನನ್ನ ಸೂಜಿ! ಶಾಲೆ ಉಳಿಸಿದ್ದು ನಾನು! ನನ್ನ ಬಗ್ಗೆ ಏನಾದ್ರೂ ಅಂದ್ರಾ?"

"ಅಂದ್ರು. ಕಾರು ಹತ್ತುವಾಗ ಒಂದು ಮಾತು ಕೇಳಿದ್ರು."

"ಏನು? ಸಂಕೋಚ ಬೇಡ, ಹೇಳು!"

"‘ಈ ಊರಲ್ಲಿ ಬೇರೆ ಯಾರಾದ್ರೂ ಹಲ್ಲಿನ ಡಾಕ್ಟ್ರು ಇದ್ದಾರಾ ಮೇಡಂ’ ಅಂತ."

"ಯಾಕೆ? ನಾನಿಲ್ವಾ?"

"ನೋವಿರೋದು ಬಲಗಡೆಯಂತೆ ರೀ. ನೀವು ಚುಚ್ಚಿದ್ದು ಎಡಗಡೆ. ‘ಬಲಗಡೆ, ಬಲಗಡೆ’ ಅಂತ ಅಷ್ಟು ಹೊತ್ತೂ ಬಡ್ಕೊಂಡ್ರಂತೆ."

ದಂತವೈದ್ಯರು ತಮ್ಮ ಎಡಗೆನ್ನೆ, ಬಲಗೆನ್ನೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಆಮೇಲೆ ಕಳ್ಳನಂತೆ ಮೆಲ್ಲಗೆ ಕೇಳಿದರು:

"ಅದಕ್ಕೆ ನೀನೇನು ಹೇಳ್ದೆ?"

"ಹೇಳೋದೇನು, ನಾನು ಯಾವಾಗ್ಲೂ ತೋರಿಸ್ಕೊಳ್ಳೋ ಡಾಕ್ಟರ ವಿಳಾಸ ಕೊಟ್ಟೆ."